ಹುಣಸೆ ಗೋದಾಮಿನಲ್ಲಿ ಲಡಾಖ್

ಹಿಂದೂಪುರ
೧೪ ಏಪ್ರಿಲ್ ೨೦೨೪

ಪ್ರೀತಿಯ ಭ್ರಮರಾ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರವಿಲ್ಲದ್ದಕ್ಕೆ ನನ್ನನ್ನು ಬೈದುಕೊಂಡಿರುತ್ತೀ, ಬೈದುಕೋ. ಫೋನ್ ಮಾಡಬಹುದಿತ್ತಲ್ಲ ಎಂದು ಮಾತ್ರ ಹೇಳಬೇಡ. ಹೋದ ಸಲ ನಾನು ಕೊಕ್ಕರೆ ನೋಡಲು ಹೋಗುತ್ತಿದ್ದೇನೆ ಎಂದರೆ ನೀನು ಸಕ್ಕರೆ ಎಷ್ಟಿದೆ ಎಂದು ಕೇಳಿ, ಮೆಂತ್ಯ ನೆನೆಸಿ ಕುಡಿಯುವ ಕ್ರಮವನ್ನು ಹತ್ತು ನಿಮಿಷ ವಿವರಿಸಿದೆ. ನಿನ್ನ ಕಿವಿ ಕೈಕೊಟ್ಟ ಮೇಲೆ ನಮ್ಮ ಸ್ನೇಹವೆಲ್ಲ ಅಂಚೆಯವನ ಸೈಕಲ್ಲಿನ ಮೇಲೆ ನಿಂತಿದೆ.

ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಚಿಲಮತ್ತೂರಿನ ಹರಿತಾ ನೆನಪಿದ್ದಾಳಲ್ಲ, ಊಟದ ಡಬ್ಬಿಯಲ್ಲಿ ಓತಿಕ್ಯಾತ ತಂದು ನಿನ್ನ ಗಣಿತದ ತರಗತಿಯನ್ನು ಖಾಲಿ ಮಾಡಿಸಿದವಳು. ಅವಳೀಗ ಲಡಾಖಿನಲ್ಲಿ ಕಪ್ಪು ಕೊರಳಿನ ಕೊಕ್ಕರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಬೇಸಿಗೆಯಲ್ಲಿ ಹತ್ತು ಜನರನ್ನು ಕರೆದುಕೊಂಡು ಹೋಗಿ ಕೊಕ್ಕರೆ, ಕಾಡುಕತ್ತೆ, ಅದೃಷ್ಟವಿದ್ದರೆ ತೋಳ, ಎಲ್ಲ ತೋರಿಸುತ್ತಾಳಂತೆ. "ಟೀಚರ್, ಹಿಮಪ್ರದೇಶದ ಜೀವಿಗಳು ಅಂತ ಪಾಠ ಮಾಡಿದ್ದು ನೀವೇ. ಒಂದ್ಸಲ ಬಂದು ನೋಡ್ಬಿಡಿ" ಎಂದಳು. ಆ ಪಾಠವನ್ನು ನಾನು ಇಪ್ಪತ್ತೊಂಬತ್ತು ವರ್ಷ ಮಾಡಿದ್ದೇನೆ. ಹಿಮವನ್ನು ನೋಡಿದ್ದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ಎರಡು ಜಾಗ ಇಡಿಸಿದ್ದೆ, ಒಂದು ನನಗೆ, ಒಂದು ನಿನಗೆ. ಆ ಕಿವಿಯಿಟ್ಟುಕೊಂಡು ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದನ್ನು ನೀನು ಬರೆದೆಯಲ್ಲ, ಆ ಸಾಲನ್ನು ಬೇಸರದಿಂದ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಇವರು ಮಗ್ಗದ ಗುಂಡಿಯಲ್ಲಿ ಕೂತು ಕಿತ್ತ ಎಳೆಯೊಂದನ್ನು ಗಂಟು ಹಾಕುತ್ತಿದ್ದರು. ತಲೆ ಎತ್ತದೆ, "ಆ ಇನ್ನೊಂದು ಜಾಗಕ್ಕೆ ನಾನ್ ಬತ್ತೀನಿ" ಎಂದರು.

ಬೇರೆ ಯಾರಿಗೋ ಹೇಳಿದರೆಂದು ನಾನು ಹಿಂದೆ ತಿರುಗಿ ನೋಡಿದೆ. ನಿನಗೆ ಗೊತ್ತಲ್ಲ, ಕೊಂಡಪ್ಪನವರು ನನ್ನ ಜೊತೆ ಎಲ್ಲಿಗೂ ಬರುವವರಲ್ಲ. ಶಾಲೆಯ ಪ್ರವಾಸ, ನಿನ್ನ ಮಗಳ ಮದುವೆ, ನನ್ನ ನಿವೃತ್ತಿಯ ಸಮಾರಂಭ, ಯಾವುದಕ್ಕೆ ಕರೆದರೂ ಮಗ್ಗದ ಮೇಲೆ ಸೀರೆ ಇರುತ್ತಿತ್ತು. ಅಲ್ಲಿ ರಾತ್ರಿ ಸೊನ್ನೆಗಿಳಿಯುತ್ತದೆ ಎಂದೆ. ಕಂಬಳಿ ಐತೆ ಎಂದರು. ಗಾಳಿ ತೆಳು, ಉಸಿರು ಕಟ್ಟುತ್ತದೆ ಎಂದೆ. ಮೆಲ್ಲಗೆ ಉಸಿರಾಡಿದರಾಯಿತು ಎಂದರು. ಮಗ್ಗದ ಮೇಲಿನ ಸೀರೆ ಎಂದೆ. ಯುವರಾಜ ಮುಗಿಸುತ್ತಾನೆ ಎಂದರು. ಪಕ್ಕದ ಮಗ್ಗದಲ್ಲಿದ್ದ ಮಗ ಯುವರಾಜನ ಕೈಯಲ್ಲಿ ಲಾಳಿ ಹಾಗೇ ನಿಂತಿತು. ಅವನಿಗೂ ಆಗಲೇ ತಿಳಿದದ್ದು.

ಮರುದಿನದಿಂದಲೇ ತಯಾರಿ ಶುರುವಾಗಿದೆ. ನಮ್ಮ ಬೀದಿಗೆ ಬೆಡ್‌ಶೀಟ್ ಮಾರಲು ಬರುವ ರಾಜಸ್ಥಾನದವರೊಬ್ಬರ ಹತ್ತಿರ ಹಿಂದಿ ಕಲಿಯುತ್ತಿದ್ದಾರೆ. ಎರಡು ವಾರಕ್ಕೆ ಎರಡು ವಾಕ್ಯ ಬಂದಿವೆ. ಒಂದು, ಇದು ಬಣ್ಣ ಬಿಡುತ್ತದೆಯೇ. ಇನ್ನೊಂದು, ಕಡೇ ಮಾತು ಹೇಳು. ತೋಳ ಎದುರಾದರೆ ಇವೆರಡರಲ್ಲಿ ಯಾವುದನ್ನು ಹೇಳುತ್ತಾರೋ ನೋಡಬೇಕು.

ಮೆಂತ್ಯ ಕುಡಿಯುತ್ತಿದ್ದೇನೆ.

ನಿನ್ನ
ಬನಶಂಕರಿ

*

ಹಿಂದೂಪುರ
೧೯ ಮೇ ೨೦೨೪

ಪ್ರೀತಿಯ ಭ್ರಮರಾ,

ನಿಮ್ಮ ಮನೆಯಲ್ಲಿ ಉಗ್ಗಾಣಿ, ಮಿರ್ಚಿ ತಿಂದು ಹೋದವಳು ಮನೆ ಸೇರಿದೆನೋ ಇಲ್ಲವೋ ಎಂದು ಎರಡು ಸಾಲು ಬರೆಯಲಿಲ್ಲ. ತಪ್ಪಾಯಿತು. ಚುನಾವಣೆಯ ಮೈಕಿನ ಆಟೋಗಳು ಹೋಗುವ ತನಕ ಈ ಊರಿನಲ್ಲಿ ಒಂದು ವಾಕ್ಯವನ್ನೂ ಕೂಡಿಸಲಾಗುತ್ತಿರಲಿಲ್ಲ.

ಅವತ್ತು ನಾವು ನಿಮ್ಮ ಕಲ್ಯಾಣದುರ್ಗದಿಂದ ನೇರ ಮನೆಗೆ ಬರಲಿಲ್ಲ. ಕಣ್ಣಿಗೆ ಅಭ್ಯಾಸವಾಗಲೆಂದು ಬೆಳುಗುಪ್ಪದ ಕಡೆಯ ಬಯಲಿಗೆ ಹೋದೆವು. ಜೀಪಿನ ಚಲಪತಿಗೆ ನಾವು ಹೊಲ ಕೊಳ್ಳಲು ಬಂದಿದ್ದೇವೆಂಬ ನಂಬಿಕೆ. ಹಕ್ಕಿ ನೋಡಲು ಎಂದರೆ ನಕ್ಕು, ಮತ್ತೆ ಬೋರ್‌ವೆಲ್ಲಿನ ಆಳ ಹೇಳುತ್ತಿದ್ದ. ಇವರು ಬೈನಾಕ್ಯುಲರನ್ನು ತಿರುಗಾಮುರುಗಾ ಹಿಡಿದು, ಪ್ರಪಂಚವೆಲ್ಲ ದೂರ ಹೋಗಿಬಿಟ್ಟಿದೆ ಎಂದು ದೂರಿದರು. ಸರಿಮಾಡಿ ಕೊಟ್ಟೆ. ಐದು ನಿಮಿಷಕ್ಕೆ ಬೇಲಿಯ ಹತ್ತಿರ ಬಿಳಿ ಕೊಕ್ಕರೆ ಕೂತಿದೆ ಎಂದು ಪಿಸುಗುಟ್ಟಿದರು. ಮೂವರೂ ಬಗ್ಗಿಕೊಂಡು ಹತ್ತಿರ ಹೋದೆವು. ಯೂರಿಯಾ ಚೀಲ. ಚಲಪತಿ ಅದನ್ನು ಮಡಿಸಿ ಸೀಟಿನ ಕೆಳಗಿಟ್ಟುಕೊಂಡ.

ಆಮೇಲಿನದು ಕೇಳು. ಒಂದು ಜೊತೆ ಟಿಟ್ಟಿಭ ನಮ್ಮ ತಲೆಯ ಮೇಲೆಯೇ ಕಿರುಚಿಕೊಂಡು ಸುತ್ತತೊಡಗಿದವು. ನಾನು ಬೈನಾಕ್ಯುಲರ್ ಮೇಲೆತ್ತಿ ಪಾಠ ಶುರುಮಾಡಿದೆ. ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿ ಕಾಲು, ನೆಲದಲ್ಲೇ ಮೊಟ್ಟೆ, ಕಲ್ಲಿನದೇ ಬಣ್ಣ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುತ್ತಾ ಒಂದು ಹೆಜ್ಜೆ ಮುಂದಿಟ್ಟೆ. ಇವರು ನನ್ನ ಸೆರಗು ಹಿಡಿದೆಳೆದರು.

"ಕಾಲು ಎತ್ತು ಟೀಚರಮ್ಮ. ಹಂಗೇ ಹಿಂದಕ್ಕಿಡು."

ನನ್ನ ಚಪ್ಪಲಿಯ ಮುಂದೆ, ಒಂದು ಗೇಣು ದೂರದಲ್ಲಿ, ನಾಲ್ಕು ಮೊಟ್ಟೆಗಳಿದ್ದವು. ತೋರಿಸಿದ ಮೇಲೂ ನನಗೆ ಕಾಣಲಿಲ್ಲ ಭ್ರಮರಾ. ಕಡ್ಡಿ ಹಿಡಿದು ಒಂದೊಂದನ್ನೇ ತೋರಿಸಿದರು. ಹೇಗೆ ಕಂಡಿತು ಎಂದು ಕೇಳಿದೆ. ನಾಲ್ಕು ಸಾವಿರ ಎಳೆಯ ಹಾಸಿನಲ್ಲಿ ಒಂದು ಎಳೆ ತಪ್ಪಿದ್ದರೆ ಕಾಣುವುದಿಲ್ಲವೇ, ಹಾಗೆಯೇ ಎಂದರು. ಬರುವಾಗ ಜೀಪಿನಲ್ಲಿ ನಾನು ಪಾಠ ಮಾಡಲಿಲ್ಲ. ಚಲಪತಿಯೂ ಬೋರ್‌ವೆಲ್ಲಿನ ಮಾತು ಬಿಟ್ಟು, "ಮೀ ಸಾರ್ ಕಳ್ಳು ಮಂಚಿವಿ ಮೇಡಂ" ಎಂದ. ಒಳ್ಳೆಯ ಕಣ್ಣು ಎಂದು ಅವನಿಗೂ ಅನಿಸಿತು.

ಇನ್ನು ಚಳಿಯ ಅಭ್ಯಾಸ. ಹೊರಗೆ ನಲವತ್ತೊಂದು ಡಿಗ್ರಿಯಿರುವಾಗ ಹಿಂದೂಪುರದಲ್ಲಿ ಚಳಿ ಎಲ್ಲಿಂದ ತರುವುದು? ಇವರೇ ದಾರಿ ಕಂಡುಹಿಡಿದರು. ಇವರ ಬಾಲ್ಯದ ಗೆಳೆಯ ಮುರಳಿಕೃಷ್ಣ ಹುಣಸೆಹಣ್ಣಿನ ವ್ಯಾಪಾರಿ. ಹಣ್ಣು ಕಪ್ಪಾಗದಿರಲೆಂದು ಮೂಟೆಗಳನ್ನು ತಣ್ಣನೆ ಗೋದಾಮಿನಲ್ಲಿ ಇಡುತ್ತಾರಲ್ಲ, ಅದರಲ್ಲಿ ನಾಲ್ಕು ಡಿಗ್ರಿ. ದಿನಕ್ಕೆ ಅರ್ಧ ಗಂಟೆ ಬಂದು ನಿಂತುಕೊಳ್ಳಿ ಎಂದ ಪುಣ್ಯಾತ್ಮ.

ಸ್ವೆಟರ್, ಮಂಕಿ ಕ್ಯಾಪ್, ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು, ಹೆಗಲಿಗೆ ಒಂದೊಂದು ಕಂಬಳಿ ಏರಿಸಿ ಮಟಮಟ ಮಧ್ಯಾಹ್ನ ಬೀದಿಯಲ್ಲಿ ನಡೆದೆವು. ಹೂವು ಮಾರುವ ನಾರಮ್ಮ ಇಬ್ಬರಿಗೂ ಒಟ್ಟಿಗೇ ಜ್ವರವೇ ಎಂದು ಮರುಗಿದಳು. ಒಳಗೆ ಸೂರಿನ ತನಕ ಮೂಟೆಗಳು. ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಆ ಚಳಿಗೆ ಹಲ್ಲು ಕಟಕಟ ಎನ್ನುತ್ತದೆ. ಎರಡೂ ಒಟ್ಟಿಗೆ ಆಗುವುದು ಎಂಥ ಹಿಂಸೆ ಎಂದು ಅನುಭವಿಸಿಯೇ ತಿಳಿಯಬೇಕು.

ನಾಲ್ಕನೇ ದಿನ, ನಾವು ಒಳಗಿರುವುದು ತಿಳಿಯದೆ ಕಾವಲುಗಾರ ಮರುಳಪ್ಪ ಹೊರಗಿನಿಂದ ಅಗುಳಿ ಹಾಕಿ, ಬೀಗ ಜಡಿದು ಊಟಕ್ಕೆ ಹೋದ. ಬಾಗಿಲು ಬಡಿದೆ. ಕನ್ನಡದಲ್ಲಿ ಕೂಗಿದೆ, ತೆಲುಗಿನಲ್ಲಿ ಕೂಗಿದೆ. ಗೇಣುದಪ್ಪದ ಬಾಗಿಲು. ಫೋನಿಗೆ ಸಿಗ್ನಲ್ ಇಲ್ಲ. ಭಯಕ್ಕೆ ನನ್ನ ಬಾಯಿ ತಾನಾಗಿಯೇ ಹತ್ತನೇ ತರಗತಿಯ ಪಾಠ ಒಪ್ಪಿಸತೊಡಗಿತು. ದೇಹದ ಉಷ್ಣತೆ ಇಳಿದರೆ ಮೊದಲು ನಡುಕ, ಆಮೇಲೆ ಮಾತು ತೊದಲು, ಆಮೇಲೆ ನಿದ್ದೆ, ಆಮೇಲೆ...

"ಪಾಠ ನಿಲ್ಸು ಟೀಚರಮ್ಮ" ಎಂದರು ಇವರು. "ನಡಿ. ಹಾಸು ಹಾಕೋವಾಗ ನಡೀತೀವಲ್ಲ, ಹಂಗೆ."

ತಮ್ಮ ಕಂಬಳಿಯನ್ನೂ ನನಗೇ ಹೊದಿಸಿ, ನನ್ನ ಕೈ ಹಿಡಿದುಕೊಂಡು ಮೂಟೆಗಳ ನಡುವಿನ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದರು. ಒಂದೊಂದು ಸುತ್ತಿಗೂ ಎಣಿಕೆ. ನನಗೆ ದಮ್ಮು ಹತ್ತಿದಾಗ ನಿಲ್ಲಿಸಿ, ಉಸಿರು ಸಣ್ಣಗೆ ಎಳೆದುಕೋ ಎಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾವು ಕೈ ಹಿಡಿದು ಇಷ್ಟು ದೂರ ನಡೆದಿರಲಿಲ್ಲ. ತೊಂಬತ್ತಾರನೇ ಸುತ್ತಿಗೆ ಬಾಗಿಲು ತೆರೆಯಿತು. ಬಿಸಿಗಾಳಿ ನುಗ್ಗಿ ಮಂಜೆದ್ದಿತು. ಆ ಮಂಜಿನೊಳಗಿಂದ ಮಂಕಿ ಕ್ಯಾಪಿನ ಎರಡು ಆಕಾರಗಳು ಕೈಕೈ ಹಿಡಿದು ಬರುವುದನ್ನು ಕಂಡ ಮರುಳಪ್ಪ ಬೀಗದ ಕೈ ಬಿಸಾಕಿ ಓಡಿದ. ಮಾರ್ಕೆಟ್ಟಿನಲ್ಲಿ ನಿಂತು ಗೋದಾಮಿನಲ್ಲಿ ದೆವ್ವಗಳಿವೆ, ಗಂಡಹೆಂಡತಿ ದೆವ್ವಗಳು ಎಂದು ಹೇಳಿದನಂತೆ. ಮೂರು ದಿನ ಹಮಾಲಿಗಳು ಒಳಗೆ ಕಾಲಿಡಲಿಲ್ಲ. ಮುರಳಿಕೃಷ್ಣ ಕೈಮುಗಿದು, ಇನ್ನು ಅಭ್ಯಾಸ ಸಾಕು ಎಂದ.

ಹೊರಗೆ ಬಂದು ಬಿಸಿಲಿನಲ್ಲಿ ನಿಂತು ಇವರು ಹೇಳಿದ್ದು ಒಂದೇ ಮಾತು, "ಲಡಾಖ್ ಪರ್ವಾಲೇದು." ಪರವಾಗಿಲ್ಲವಂತೆ!

ನಿನ್ನ ಮೊಮ್ಮಗಳು ಬನಶ್ರೀಗೆ ಟಿಟ್ಟಿಭದ ಮೊಟ್ಟೆಯ ಫೋಟೋ ಇಟ್ಟಿದ್ದೇನೆ. ಮೊಟ್ಟೆ ಎಲ್ಲಿದೆ ಎಂದು ಹುಡುಕಲು ಹೇಳು. ನನಗೆ ಈಗಲೂ ಮೂರೇ ಕಾಣುತ್ತವೆ.

ನಿನ್ನ
ಬನಶಂಕರಿ

*

ಹಿಂದೂಪುರ
೧೬ ಜೂನ್ ೨೦೨೪

ಪ್ರೀತಿಯ ಭ್ರಮರಾ,

ನಿನ್ನ ಎರಡು ಕಾಗದಕ್ಕೆ ಸೇರಿಸಿ ಒಂದೇ ಉತ್ತರ, ಕ್ಷಮಿಸು. ೨೪ರ ಸೋಮವಾರ ಹೊರಡುತ್ತೇವೆ, ಮನೆ ಸಂತೆಯಾಗಿದೆ. ನೀನು ಕಳಿಸಿದ ಉಣ್ಣೆಯ ಕೈಗವಸು ಬಂತು. ಎರಡೂ ಎಡಗೈಯವು. ನಿನ್ನ ಪ್ರೀತಿ ದೊಡ್ಡದು, ಒಂದನ್ನು ತಿರುಗಿಸಿ ಹಾಕಿಕೊಳ್ಳುತ್ತೇನೆ.

ತಲೆಗೆ ಹದಿನೈದು ಕಿಲೋ ಮಾತ್ರ ಎಂದು ಹರಿತಾ ಕಟ್ಟಪ್ಪಣೆ ಮಾಡಿದ್ದಾಳೆ. ನನ್ನ ನಾದಿನಿ ಮುನೆಮ್ಮನಿಗೆ ಅದು ಅರ್ಥವಾಗುತ್ತಿಲ್ಲ. ಅಣ್ಣ ಅಲ್ಲಿ ಏನು ತಿನ್ನುತ್ತಾನೆ ಎಂದು ರಾಗಿಹಿಟ್ಟು, ಕಡಲೆಕಾಯಿ ಚಟ್ನಿಪುಡಿ, ಮಾವಿನ ಉಪ್ಪಿನಕಾಯಿಯ ಜಾಡಿ ತುಂಬಿದಳು. ಬ್ಯಾಗನ್ನು ಮುರಳಿಕೃಷ್ಣನ ಮಂಡಿಗೆ ಒಯ್ದು ಹುಣಸೆಹಣ್ಣಿನ ತಕ್ಕಡಿಯಲ್ಲಿಟ್ಟರೆ ಇಪ್ಪತ್ತೆರಡೂವರೆ. ಮುನೆಮ್ಮ ಉಪ್ಪಿನಕಾಯಿ ಬಿಟ್ಟು ಸ್ವೆಟರ್ ತೆಗೆಯಿರಿ ಎಂದಳು. ದೊಡ್ಡ ಪಂಚಾಯಿತಿಯಾಯಿತು. ಕೊನೆಗೆ ರಾಗಿಹಿಟ್ಟು ಎರಡು ಕಿಲೋಗೆ ಇಳಿಯಿತು, ನನ್ನ ಮೂರು ಪುಸ್ತಕಗಳು ಮನೆಯಲ್ಲಿ ಉಳಿದವು. ಜಾಡಿಯನ್ನು ಯುವರಾಜ ಬಚ್ಚಿಟ್ಟ. ಮುನೆಮ್ಮ ಅವನ ಜೊತೆ ಮಾತು ಬಿಟ್ಟಿದ್ದಾಳೆ.

ಹೋದ ಭಾನುವಾರ ಹರಿತಾ ಹತ್ತು ಜನರನ್ನೂ ವಿಡಿಯೋದಲ್ಲಿ ಕೂಡಿಸಿ ಪರಿಚಯ ಮಾಡಿಸಿದಳು. ಒಬ್ಬರು ಆಫ್ರಿಕಾದಲ್ಲಿ ಸಿಂಹ ನೋಡಿದವರು. ಇನ್ನೊಬ್ಬರು ಪುಣೆಯವರು, ಅವರ ಕ್ಯಾಮೆರಾ ನಮ್ಮ ಒರಳುಕಲ್ಲಿನಷ್ಟಿದೆ. ನಾನು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಸಿದ್ಧಮಾಡಿಕೊಂಡು ಎರಡನ್ನು ಮರೆತೆ. ಇವರು ಕನ್ನಡದಲ್ಲೇ, ತಾನು ಕೊಂಡಪ್ಪ, ಸೀರೆ ನೇಯುತ್ತೇನೆ, ಇಲ್ಲಿಯ ತನಕ ನಾಲ್ಕು ಮೊಟ್ಟೆ ನೋಡಿದ್ದೇನೆ ಎಂದರು. ಹರಿತಾ ಇಂಗ್ಲಿಷಿಗೆ ಮಾಡಿ, ಮೊಟ್ಟೆಯ ಕಥೆಯನ್ನೂ ಹೇಳಿದಳು. ಪುಣೆಯವರು ಜೀಪಿನಲ್ಲಿ ಕೊಂಡಪ್ಪನವರ ಪಕ್ಕದ ಸೀಟು ತಮಗೇ ಬೇಕು ಎಂದರು. ಇವರು ನನ್ನ ಕಡೆ ತಿರುಗಿ, ಅದು ಟೀಚರಮ್ಮನ ಜಾಗ ಎಂದು ಹೇಳಲು ಹೇಳಿದರು.

ನೀನು ಕಿವಿಗೆ ಎಣ್ಣೆ ಹಾಕಿಕೊಳ್ಳಬೇಡ, ಡಾಕ್ಟರು ಕೊಟ್ಟದ್ದನ್ನೇ ಹಾಕು. ಬನಶ್ರೀ ಚೆನ್ನಾಗಿ ಓದಲಿ, ನೂರು ಕಾಡು ಸುತ್ತಲಿ, ಹಲ್ಲಿಗೆ ಹೆದರುವುದು ಬಿಡಲಿ ಎಂದು ಆಶೀರ್ವಾದ ತಿಳಿಸು. ನಿನ್ನ ಪಾಲಿನ ಕೊಕ್ಕರೆಯನ್ನೂ ನಾನೇ ನೋಡಿ ಬರುತ್ತೇನೆ.

ನಿನ್ನ
ಬನಶಂಕರಿ

ಇನ್ನೊಂದು ಮಾತು: ಇದನ್ನು ಮೇಲೆಯೇ ಬರೆಯಬೇಕಿತ್ತು. ಕೈ ಬರಲಿಲ್ಲ.

ನಿನ್ನೆ ಲಡಾಖಿನ ಗಡಿಯ ಕಡೆ ಹೋಗಲು ಬೇಕಾದ ಅನುಮತಿಯ ಅರ್ಜಿ ತುಂಬಿಸಲು ಸರಿತಾ ನಡೆಸುವ ಆನ್‌ಲೈನ್ ಸೆಂಟರಿಗೆ ಹೋಗಿದ್ದೆವು. ಹೆಸರು, ವಯಸ್ಸು, ಆಧಾರ್ ನಂಬರ್ ಎಲ್ಲ ಆಯಿತು. ಜೊತೆಗೆ ಬರುವವರು ನಿಮಗೆ ಏನಾಗಬೇಕು ಎಂದು ಸರಿತಾ ಕೇಳಿದಳು. ನಾನು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದೆ. ಇವರು ಹೇಳಿದರು, "ಒಂದೇ ಊರ್ನೋರು ಅಂತ ಬರ್ಕಳಮ್ಮ."

ನಗುತ್ತಲೇ ಹೇಳಿದರು. ಸರಿತಾ ನಕ್ಕಳು, ಸಾಲಿನಲ್ಲಿದ್ದವರೂ ನಕ್ಕರು. ನನ್ನ ಕೈ ಚೀಲದಲ್ಲೇ ನಿಂತಿತು.

ತೊಂಬತ್ತನಾಲ್ಕರಲ್ಲಿ ಅನಂತಪುರದ ವಿಜ್ಞಾನ ಮೇಳಕ್ಕೆ ನಾನು ಹಿಮಾಲಯದ ಮಾದರಿ ಒಯ್ದು ಬಹುಮಾನ ತಂದೆನಲ್ಲ. ನೀನು ಆಗ ಬಾಣಂತಿ, ಬಂದಿರಲಿಲ್ಲ. ಆ ಮಾದರಿ ಮಾಡಿದ್ದು ಇವರು. ಬೆಟ್ಟ, ಹತ್ತಿಯ ಹಿಮ, ಮರದ ಕೊಕ್ಕರೆ, ಎಲ್ಲ. ಹಿಂದೂಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಲುಗಾಡದಂತೆ ತಂದಿದ್ದರು. ಮೊಣಕೈ ತನಕ ನೀಲಿ ಬಣ್ಣ ಅಂಟಿತ್ತು, ಅಂಗಿ ಹಳೆಯದು. ಒಬ್ಬ ಅಧಿಕಾರಿ ಬಂದು ಮಾದರಿಯನ್ನು ಹೊಗಳಿ, ಇವರ ಕಡೆ ನೋಡಿ, ಯಾರಿವರು ಎಂಬಂತೆ, "ಈಯನ ಎವರಮ್ಮಾ?" ಎಂದು ಕೇಳಿದರು. ಸುತ್ತ ಟೀಚರುಗಳು ನಿಂತಿದ್ದರು. ನಾನು, "ಮಾ ಊರಾಯನ ಸಾರ್" ಎಂದೆ. ನಮ್ಮ ಊರಿನವರು. ಅಷ್ಟೇ ಹೇಳಿದೆ.

ಇವರು ಕೇಳಿಸಿಕೊಂಡರು. ಕೊಕ್ಕರೆಯನ್ನು ನೆಟ್ಟಗೆ ನಿಲ್ಲಿಸಿ ಹೊರಗೆ ಹೋದರು. ಊಟದ ಹೊತ್ತಿಗೂ ಒಳಗೆ ಬರಲಿಲ್ಲ. ಅವತ್ತಿನಿಂದ ಮಗ್ಗದ ಮೇಲೆ ಯಾವಾಗಲೂ ಸೀರೆ. ಮೂವತ್ತು ವರ್ಷ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನಗೂ ಹೇಳಲಿಲ್ಲ, ನೀನು ನನ್ನನ್ನು ಒಳ್ಳೆಯವಳೆಂದುಕೊಂಡಿದ್ದೆ.

ನಿನ್ನೆ ನಾನು ಎದ್ದು ನಿಂತೆ. "ನನ್ನ ಗಂಡ. ಹಂಗೇ ಬರ್ಕೊ ಸರಿತಾ. ದೊಡ್ಡ ಅಕ್ಷರದಲ್ಲಿ ಬರ್ಕೊ" ಎಂದೆ. ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿ ಬಂದುಬಿಟ್ಟಿತು. ಇವರು, "ಆಯಮ್ಮ ಇಲ್ಲೇ ಕುಂತವ್ಳೆ, ಮೆಲ್ಲಗೆ ಹೇಳು" ಎಂದು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ದಾರಿಯಲ್ಲಿ ಕೇಳಿದೆ, ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಿರಾ ಎಂದು.

"ನೀನ್ ಮರ್ತಿದ್ಯಾ?" ಎಂದರು.

ಇಲ್ಲ ಎಂದೆ.

"ಹಂಗಾದ್ರೆ ಸರಿ. ನಡಿ, ಬಸ್‌ಸ್ಟ್ಯಾಂಡ್ ತಾವ ಟಾರ್ಚಿಗೆ ಸೆಲ್ ತಗಬೇಕು" ಎಂದರು.