ಗುರುಶಾಂತಮ್ಮನ ಬೇಡಿಕೆ

ಹರಿಹರ
24-8-1961

ದಾವಣಗೆರೆಯ ಅಣ್ಣ ಪರಮೇಶ್ವರಪ್ಪನವರಿಗೆ ಉಮಾಮಹೇಶ್ವರಿಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಶ್ರಾವಣದ ಪುರಾಣ ಕೇಳುತ್ತಾ ಅತ್ತಿರೆಂದೂ, ಪಶ್ಚಾತ್ತಾಪಪಟ್ಟವರನ್ನು ಶಿವ ಕ್ಷಮಿಸುತ್ತಾನೆಂಬ ಮಾತು ಸತ್ಯವೆಂದು ಈಗ ನಂಬಿಕೆ ಬಂದಿದೆಯೆಂದೂ, ಬರುವ ಸೋಮವಾರ ಪ್ರಸಾದ ತೆಗೆದುಕೊಂಡು ನಮ್ಮ ಮನೆಗೆ ಬರುತ್ತೀರೆಂದೂ ಬರೆದಿದ್ದೀರಿ. ಅದನ್ನು ತಂಗಿ ಗುರುಶಾಂತಮ್ಮನಿಗೆ ಓದಿ ಹೇಳಿದೆ.

ಗಂಡನ ಹೊಡೆತ ತಾಳಲಾರದೆ ಅವಳು ನಿಮ್ಮ ಬಾಗಿಲಿಗೆ ಬಂದಾಗಲೂ ನೀವು ಪುರಾಣವನ್ನೇ ಮುಂದಿಟ್ಟಿರಿ. "ಗಂಡನ್ನ ಬಿಟ್ಟು ಬಂದೋಳಿಗೆ ಶಿವನೂ ಜಾಗ ಕೊಡಲ್ಲ, ಇದ್ರಾಗೇ ಬರ್ದೈತೆ" ಎಂದು ಹೇಳಿ, ನೀವೇ ಗಂಡನ ಮನೆಗೆ ಕರೆದೊಯ್ದು ಬಿಟ್ಟುಬಂದಿರಿ. ವಾರದೊಳಗೆ ಅವನು ಅವಳ ಎಡಗೈಯನ್ನು ಕಾದ ಹಂಚಿಗೆ ಒತ್ತಿಹಿಡಿದ. ಆಮೇಲೆ ನಾನು ಹೋಗಿ ಕರೆತಂದೆ.

ಆ ಕೈ ಈಗ ಬಿಚ್ಚುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ನಿಲ್ಲುವುದಿಲ್ಲ. ದಿನಾ ಬೆಳಿಗ್ಗೆ ಅವಳ ಲಿಂಗವನ್ನು ನನ್ನ ಅಂಗೈಯ ಮೇಲಿಟ್ಟುಕೊಂಡು ಎದುರಿಗೆ ಕೂರುತ್ತೇನೆ. ಅವಳು ಬಲಗೈಯಿಂದ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಾಳೆ. ಏನು ಬೇಡುತ್ತಾಳೆಂದು ನಾನು ಎಂದೂ ಕೇಳಿರಲಿಲ್ಲ.

ನಿನ್ನೆ ನಿಮ್ಮ ಕಾಗದ ಮಡಿಚಿಟ್ಟು, "ಅಣ್ಣಗೆ ಏನಂತ ಬರೀಲಿ?" ಎಂದು ಕೇಳಿದೆ.

"ಏಳು ವರ್ಷದಿಂದ ಶಿವನ ಹತ್ರ ಒಂದೇ ಬೇಡ್ಕೊಂಡೀನಿ, ಅಕ್ಕ. ಅಣ್ಣನ್ನ ಕ್ಷಮಿಸಬ್ಯಾಡ ಅಂತ. ಹಂಗೇ ಬರಿ" ಎಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

ನಿಮ್ಮಿಬ್ಬರಲ್ಲಿ ಶಿವ ಯಾರ ಮಾತು ಕೇಳಿದ್ದಾನೋ ನಾನರಿಯೆ. ಸೋಮವಾರ ನೀವು ಪ್ರಸಾದ ತರುವುದು ಬೇಡ, ಬಾಗಿಲು ತೆಗೆಯುವುದಿಲ್ಲ.

ಇಷ್ಟು ವರ್ಷ ಅವಳ ಬೇಡಿಕೆ ತಿಳಿಯದೆ ಅವಳ ಲಿಂಗಕ್ಕೆ ಅಂಗೈ ಚಾಚಿದ್ದೆ. ಈ ಬೆಳಿಗ್ಗೆ ತಿಳಿದೇ ಚಾಚಿದೆ.

ನಿಮ್ಮ ಒಡಹುಟ್ಟಿದವಳು,
ಉಮಾಮಹೇಶ್ವರಿ