ನಿನ್ನ ಹೆಸರಿನ ಬೆಂಚು

ಅಪ್ಪಾ,

ನಿನ್ನ ಮಗ ನೆವಿಲ್, ಕ್ರೋಮರ್ ಊರಿನ ಕಡಲಂಚಿನ ದಿಬ್ಬದ ಮೇಲೆ ನಿನ್ನ ಹೆಸರಿನಲ್ಲಿ ಬೆಂಚು ಹಾಕಿಸಿದ್ದಾನೆ. ‘ಈ ಕಡಲ ನೋಟವನ್ನು ಪ್ರೀತಿಸಿದ ಹೊರೇಸ್ ನೆನಪಿಗೆ’ ಎಂದು ಹಿತ್ತಾಳೆಯ ಫಲಕ ಬೇರೆ. ಓದಿ ಮೈಯೆಲ್ಲ ಉರಿಯಿತು. ಪ್ರತಿ ಭಾನುವಾರ ಇಲ್ಲಿಗೆ ಬಂದರೂ ನೀನು ಒಂದು ದಿನವೂ ಕಾರಿನಿಂದ ಇಳಿದವನಲ್ಲ. ನೀನೇ ಫೋನಿನಲ್ಲಿ ಹೇಳುತ್ತಿದ್ದ ಹಾಗೆ, ಗಾಜು ಏರಿಸಿಕೊಂಡು, ಫ್ಲಾಸ್ಕಿನ ಚಹಾ ಕುಡಿದು, ಪತ್ರಿಕೆ ಓದಿ ಮನೆಗೆ ಹಿಂತಿರುಗುತ್ತಿದ್ದೆ.

ಇವತ್ತು ನಾನೂ ಅವನೂ ಮೊದಲ ಸಲ ನೋಡಲು ಹೋದೆವು. ನಿನ್ನ ಹೆಸರಿನ ಮೇಲೆ ಕಡಲಹಕ್ಕಿ ಹೇತಿತ್ತು. ಬೆಂಚಿನ ಕೈಗೆ ಯಾರೋ ನಾಯಿಯ ಹೇಲಿನ ಚೀಲ ಕಟ್ಟಿದ್ದರು.

“ಒರೆಸೇ ಬ್ರೆಂಡಾ, ಫೋಟೋ ತೆಗೀಬೇಕು,” ಎಂದ ನೆವಿಲ್, ತಾನು ಮಾತ್ರ ದೂರ ನಿಂತು.

ನಾಯಿ ಹಿಡಿದ ಹೆಂಗಸೊಬ್ಬಳು ಬಂದಳು. “ಆ ಚೀಲ ನಂದೇ ಕಣ್ರೀ. ವಾಪಸ್ ಹೋಗ್ತಾ ತಗೊಂಡ್ರಾಯ್ತು ಅಂತ ಕಟ್ಟಿದ್ದೆ. ಇದು ನಿಮ್ಮ ತಂದೆ ಬೆಂಚಾ? ಅವರಿಗೆ ಈ ಜಾಗ ಅಂದ್ರೆ ತುಂಬಾ ಇಷ್ಟ ಇತ್ತೇನೋ.”

“ಪ್ರಾಣ,” ಎಂದೆ. ಆ ಚೀಲಕ್ಕಿಂತ ನನ್ನ ಬಾಯೇ ಹೆಚ್ಚು ನಾರಿದಂತಾಯಿತು.

ನೆವಿಲ್‌ನನ್ನು ಅಲ್ಲೇ ಬಿಟ್ಟು ಬಂದು ನಿನ್ನ ಹಳೆಯ ಕಾರಿನಲ್ಲಿ ಕೂತು ಗಾಜು ಏರಿಸಿದೆ. “ಈ ಭಾನುವಾರ ಬರ್ತೀಯೇನೇ?” ಎಂದು ನೀನು ಪ್ರತಿ ಶನಿವಾರ ಫೋನಿನಲ್ಲಿ ಕೇಳುತ್ತಿದ್ದೆ. ನನಗೆ ಏನಾದರೊಂದು ಕೆಲಸ ಇರುತ್ತಿತ್ತು.

ಸೀಟಿನ ಹಿಂದೆ ನಿನ್ನ ಚಹಾದ ಬುಟ್ಟಿ ಇನ್ನೂ ಇದೆ. ಅದರಲ್ಲಿ ಎರಡು ಲೋಟಗಳಿವೆ. ಒಂದರ ಒಳಗೆಲ್ಲ ಚಹಾದ ಕಂದು ಕರೆ. ಇನ್ನೊಂದು ಅಂಗಡಿಯಿಂದ ತಂದ ದಿನದಷ್ಟೇ ಬಿಳಿ.