ಹ್ಯಾಂಡಲ್ ಎತ್ತರಿಸಿದ್ದೇನೆ, ಎದ್ದು ಬನ್ನಿ

ಗೋಡೆಯ ಕಡೆ ಮುಖ ಮಾಡಿ ಮಲಗಿರುವ ನಮ್ಮ ಮನೆಯವರಿಗೆ,

ಪಕ್ಕದ ಕೋಣೆಯಲ್ಲಿರುವ ಗಂಡನಿಗೆ ಕಾಗದ ಬರೆಯುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ನಾನು ಬಾಯಿ ತೆರೆದರೆ ನೀವು ಹೊದಿಕೆ ಎಳೆದುಕೊಳ್ಳುತ್ತೀರಿ. ಕೂಗಾಡಿದ್ದಾಯಿತು, ಅತ್ತದ್ದಾಯಿತು, ಊಟ ಬಿಟ್ಟು ಕೂತದ್ದೂ ಆಯಿತು. ಈ ಕಾಗದವನ್ನು ತಟ್ಟೆಯ ಕೆಳಗೆ ಇಡುತ್ತೇನೆ. ಅನ್ನ ಮುಟ್ಟದಿದ್ದರೂ ಇದನ್ನು ಓದಿ.

ಮೊನ್ನೆ ಗುಜರಿಯವನು ಬಾಗಿಲು ಬಡಿದ. "ಹಳೇ ಸೈಕಲ್ ಎತ್ಕೊಂಡು ಹೋಗು ಅಂತ ನಿಮ್ಮ ಯಜಮಾನ್ರು ಫೋನ್ ಮಾಡಿದ್ರಮ್ಮ" ಅಂದ. ಹೊಲಿಯಲು ಬಂದ ರವಿಕೆ ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿ ಹಿಡಿದೇ ಎದ್ದು ಹೋಗಿದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, ಪಾಪ, ಹಿಂದೆ ಹಿಂದೆ ಸರಿದು ಮೆಟ್ಟಿಲು ಇಳಿದುಬಿಟ್ಟ.

ಕೈಗಡಿಯಾರವನ್ನು ನಿಮ್ಮ ತಂಗಿಯ ಮಗನಿಗೆ ಕೊಟ್ಟಾಗ ನಾನು ಖುಷಿಪಟ್ಟಿದ್ದೆ. ಆಮೇಲೆ ರೇನ್‌ಕೋಟು ನಿಮ್ಮ ಜೊತೆ ಮನೆಮನೆಯ ಮೀಟರ್ ಓದುತ್ತಿದ್ದ ಗೆಳೆಯನಿಗೆ ಹೋಯಿತು, ಕೇರಂ ಬೋರ್ಡು ಎದುರುಮನೆಗೆ ಹೋಯಿತು. ನಮ್ಮವರು ಯಾವಾಗ ಇಂಥ ಕೊಡುಗೈ ದೊರೆಯಾದರು ಎಂದು ನಿಮ್ಮ ತಂಗಿಯ ಹತ್ತಿರ ನಗೆಯಾಡಿದ್ದೂ ಉಂಟು. ಸೈಕಲ್ಲಿನ ಮಾತು ಬಂದಾಗ ನನ್ನ ಮಂಕುಬುದ್ಧಿಗೆ ಹೊಳೆಯಿತು. ಬಾಡಿಗೆ ಮನೆ ಬಿಡುವವರ ಹಾಗೆ ನೀವು ಒಂದೊಂದಾಗಿ ಖಾಲಿ ಮಾಡುತ್ತಿದ್ದೀರಿ. ಎಲ್ಲಿಗೆ ಹೋಗುವುದಕ್ಕೆ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ನಿದ್ದೆ ಮಾತ್ರೆಗಳನ್ನು ನಿಮಗೆ ಸಿಗದ ಕಡೆ ಇಟ್ಟಿದ್ದೇನೆ, ಡಾಕ್ಟರಿಗೂ ಹೇಳಿದ್ದೇನೆ. ಬೈಯುವುದಿದ್ದರೆ ಎದ್ದು ಬಂದು ಬೈಯಿರಿ. ನಿಮ್ಮ ಬೈಗುಳ ಕೇಳಿಯೂ ಬಹಳ ದಿನವಾಯಿತು.

ನೀವು ಬಿದ್ದು ಬೆನ್ನಿಗೆ ಪೆಟ್ಟಾದ ಮೇಲೆ ಡಾಕ್ಟರು ಏನು ಹೇಳಿದರು? "ಬೆನ್ನು ನೆಟ್ಟಗಿಟ್ಟು ಕೂತ್ರೆ ಸೈಕಲ್ ತುಳೀಬಹುದು. ಬಗ್ಗೋ ಹಾಗಿಲ್ಲ." ನಿಮ್ಮ ಕಿವಿಗೆ ಮೊದಲಿನ ಮಾತು ಬೀಳಲೇ ಇಲ್ಲ, ಬಗ್ಗೋ ಹಾಗಿಲ್ಲ ಎಂಬುದಷ್ಟೇ ಬಿತ್ತು. ನಿಮ್ಮ ಸೈಕಲ್ಲಿನ ಹ್ಯಾಂಡಲ್ ತಗ್ಗು, ಒಪ್ಪಿದೆ. ಎತ್ತರಿಸಿದರಾಯಿತಲ್ಲ ಎಂದುಕೊಂಡು ಅದನ್ನು ತಳ್ಳಿಕೊಂಡು ಬೆಂಡಣ್ಣನ ಅಂಗಡಿಗೆ ಹೋದೆ. ಸೊಟ್ಟಗಾದ ಚಕ್ರಗಳ ಬೆಂಡು ತೆಗೆದೂ ತೆಗೆದೂ ಆ ಹೆಸರು ಪಡೆದವನು ಅವನು.

ಅವನು ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಚಕ್ರವನ್ನು ಕಾಲಲ್ಲಿ ಅದುಮಿಟ್ಟು ಹ್ಯಾಂಡಲ್ ತಿರುಚಿದ. ಹ್ಯಾಂಡಲ್ಲಿನ ಕೋಲು ಕೆಳಗಿನ ಕೊಳವೆಯೊಳಗೆ ತುಕ್ಕು ಹಿಡಿದು ಕೂತುಬಿಟ್ಟಿತ್ತು. "ಗಂಡ ಹೆಂಡ್ತಿ ಥರ ಕಚ್ಕೊಂಡಿದೆ ಅಕ್ಕಾ, ಬಿಡ್ಸೋಕೇ ಆಗ್ತಿಲ್ಲ" ಅಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಬಿಡಿಸಿದರೂ ಅದು ನಿಮಗೆ ಬೇಕಾದಷ್ಟು ಮೇಲೇಳುವುದಿಲ್ಲವಂತೆ. ಸಾಲದ್ದಕ್ಕೆ ಹ್ಯಾಂಡಲ್ ತಿರುಗುವ ಕತ್ತಿನೊಳಗಿನ ಬೇರಿಂಗ್ ಗುಂಡುಗಳು ಕೂತಲ್ಲೇ ಕುಳಿ ಕೊರೆದಿದ್ದವು. ಹಾಗಾಗಿ ಮುಂದಿನ ಚಕ್ರ ಹಿಡಿಯುವ ಫೋರ್ಕ್, ಕತ್ತಿನ ಬೇರಿಂಗ್, ಹ್ಯಾಂಡಲ್ ಹಿಡಿಯುವ ಕೋಲು, ಮೂರನ್ನೂ ಹೊಸ ಮಾದರಿಯದ್ದು ಹಾಕಿಸಿದೆ. ಹೊಸದರಲ್ಲಿ ಕೋಲು ಕೊಳವೆಯೊಳಗೆ ಇಳಿಯುವುದಿಲ್ಲ. ಹೊರಗಿನಿಂದ ಅದನ್ನು ತಬ್ಬಿ ಹಿಡಿಯುತ್ತದೆ, ಪಕ್ಕದಲ್ಲಿ ಬೋಲ್ಟು. ನಿಮ್ಮ ಹಸಿರು ಬಣ್ಣದ ಹಳೇ ಸೈಕಲ್ಲಿಗೆ ಈ ಹೊಳೆಯುವ ಕತ್ತು ಮುದುಕನಿಗೆ ಹಲ್ಲಿನ ಸೆಟ್ಟು ಕಟ್ಟಿಸಿದ ಹಾಗೆ ಕಾಣುತ್ತದೆ. ಇರಲಿ.

ಹೊಸ ಫೋರ್ಕಿನ ಕೊಳವೆ ಉದ್ದವಾಗಿ ಬರುತ್ತದೆ. ಬೇಕಾದಷ್ಟು ಇಟ್ಟುಕೊಂಡು ಮೇಲಿನದನ್ನು ಕತ್ತರಿಸುತ್ತಾರೆ. ಬೆಂಡಣ್ಣ ಗುರುತು ಹಾಕಿ ಗರಗಸ ಎತ್ತಿದ. "ಬೇಡ!" ಎಂದು ನಾನು ಕಿರುಚಿದ್ದಕ್ಕೆ ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು.

"ಇಷ್ಟುದ್ದ ಬಿಟ್ರೆ ಒಂಟೆ ಕತ್ತು ಅಂತ ಜನ ನಗ್ತಾರೆ ಅಕ್ಕಾ."

"ನಗ್ಲಿ ಬಿಡು. ಕತ್ರಿ ಹಾಕಿದ್ಮೇಲೆ ಉದ್ದ ಮಾಡೋಕಾಗತ್ತಾ?"

ಬೆಳೆಯುವ ಮಗುವಿನ ಫ್ರಾಕಿಗೆ ನಾನು ಒಳಗಡೆ ಬಟ್ಟೆ ಮಡಚಿ ಬಿಡುವುದನ್ನು ನೀವು ನೋಡಿದ್ದೀರಿ. ಮುಂದೆ ಬಿಚ್ಚಿ ಇಳಿಸಲು ಬೇಕಾಗುತ್ತದೆ ಎಂದು ಬಿಡುವುದು. ಇಲ್ಲೂ ಕೊಳವೆಯನ್ನು ಹಾಗೇ ಉದ್ದ ಬಿಡಿಸಿದ್ದೇನೆ. ಹ್ಯಾಂಡಲ್ ಕೆಳಗೆ ಲೋಹದ ಬಳೆಗಳನ್ನು ಪೇರಿಸಿದ್ದಾನೆ. ನಿಮ್ಮ ಬೆನ್ನು ಸ್ವಲ್ಪ ಬಗ್ಗಿದ ದಿನ ಕೆಳಗಿನ ಒಂದು ಬಳೆ ತೆಗೆದು ಮೇಲೆ ಹಾಕಿದರೆ ಹ್ಯಾಂಡಲ್ ಅಷ್ಟು ಇಳಿಯುತ್ತದೆ. ನೀವು ಗುಣವಾಗುತ್ತೀರಿ ಎಂದು ನಾನು ನಂಬಿರುವುದಕ್ಕೆ ಬೇರೆ ಪುರಾವೆ ನನ್ನ ಹತ್ತಿರವಿಲ್ಲ.

ಸೈಕಲ್ಲಿನ ಕತ್ತು ಬದಲಾಯಿಸಿದರೆ ಮನುಷ್ಯನ ಮನಸ್ಸು ಬದಲಾಗುತ್ತದೆಯೇ? ನನಗೆ ಗೊತ್ತಿಲ್ಲ ರೀ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. "ನಾನಿನ್ನು ಅವಳಿಗೆ ಭಾರ" ಎಂದು ನಿಮ್ಮ ತಂಗಿಗೆ ಹೇಳಿದಿರಂತೆ. ನಿಮ್ಮ ಭಾರ ಎಷ್ಟು ಅಂತ ನನಗೆ ಹೇಳಿಕೊಡಬೇಡಿ. ಆಸ್ಪತ್ರೆಯಲ್ಲಿ ದಿನಾ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿದವಳು ನಾನು. ಎತ್ತಬಲ್ಲೆ. ನೀವಿಲ್ಲದ ಈ ಮನೆಯನ್ನು ಮಾತ್ರ ನನ್ನಿಂದ ಎತ್ತಲಾಗದು.

ಬೋಲ್ಟುಗಳನ್ನು ಇನ್ನೂ ಪೂರ್ತಿ ಬಿಗಿದಿಲ್ಲ. ತುಳಿಯುವವರು ಕೂತ ಮೇಲೆ ಎತ್ತರ ನೋಡಿ ಬಿಗಿಯಬೇಕಂತೆ. ಬೆಂಡಣ್ಣ ಬೆಳಿಗ್ಗೆ ಬರುತ್ತಾನೆ. ನೀವು ಎಲ್ಲಿಗೂ ಹೋಗಬೇಕಿಲ್ಲ, ಯಾರ ಮನೆ ಮೀಟರನ್ನೂ ಓದಬೇಕಿಲ್ಲ. ಸೈಕಲ್ ನಡುಮನೆಯಲ್ಲಿ ನಿಂತಿದೆ, ಸುಮ್ಮನೆ ಹತ್ತಿ ಕೂರಿ. ನಾನು ಹಿಡಿದುಕೊಂಡಿರುತ್ತೇನೆ.

ನೂರು ಕಾಲ ಬಾಳಿ ಎಂದು ಹಾರೈಸುವಷ್ಟು ಧೈರ್ಯ ಇವತ್ತು ನನಗಿಲ್ಲ. ನಾಳೆ ಬೆಳಗಿನ ತನಕ ಬಾಳಿ. ಬೆಳಗಾದ ಮೇಲೆ ಮತ್ತೊಂದು ದಿನ ಕೇಳುತ್ತೇನೆ.

ಬಾಗಿಲಾಚೆ ಕೂತಿರುವ,
ನಿಮ್ಮವಳು